ಕಾನ್, ಆಕ್ಸ್, ಕಾಮ್1: ಹಳೇ ಕಂಪ್ಯೂಟರ್ ಒಪ್ಪದ ಹೆಸರುಗಳು, ಅಳಿಸಲು ಬಾರದ ಫೈಲುಗಳು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ತೂಕದ ಕೋಣೆ, ರಾಯಚೂರಿನ ಕಾಲೇಜು ಕಚೇರಿ, ಬಳ್ಳಾರಿಯ ಡಿಟಿಪಿ ಅಂಗಡಿ. ಜಾಗ ಯಾವುದಾದರೂ ಕೇಳುವ ಪ್ರಶ್ನೆ ಮಾತ್ರ ಅವೇ ನಾಲ್ಕು. ಬಿಕಾಂ ಮೊದಲ ವರ್ಷದವರಿಗೆಂದು 'ಕಾಮ್1' ಹೆಸರಿನ ಫೋಲ್ಡರ್ ಮಾಡಲು ಹೋದರೆ ಯಾಕೆ ಆಗುವುದಿಲ್ಲ? ಕಂತ್ರಾಟುದಾರರ ಲೆಕ್ಕವನ್ನು 'ಕಾನ್' ಎಂದು ಸೇವ್ ಮಾಡಿದೆ, ದೋಷ ಅಂತ ಏನೂ ಬರಲಿಲ್ಲ, ಆದರೆ ಫೈಲೇ ಇಲ್ಲವಲ್ಲ? ಪೆನ್‌ಡ್ರೈವಿನಲ್ಲಿ 'ಆಕ್ಸ್' ಅಂತ ಒಂದು ಕೂತಿದೆ, ಏನು ಮಾಡಿದರೂ ಹೋಗುತ್ತಿಲ್ಲ, ವೈರಸ್ಸೇ? ಹಳೇ ಯಂತ್ರದಿಂದ ತಂದ ಫೈಲು ಅರ್ಧಕ್ಕೇ ನಿಂತಿದೆ, ಉಳಿದದ್ದು ಎಲ್ಲಿ?

ನಾಲ್ಕಕ್ಕೂ ಬೇರು ಒಂದೇ. ಡಾಸ್ (ವಿಂಡೋಸಿಗೂ ಮುಂಚಿನ, ಆಜ್ಞೆ ಒತ್ತಿ ನಡೆಸುವ ಕಾರ್ಯವ್ಯವಸ್ಥೆ) ಮತ್ತು ಅದರ ಮಕ್ಕಳಾದ ವಿಂಡೋಸುಗಳಲ್ಲಿ ಕೆಲವು ಹೆಸರುಗಳು ಫೈಲಿನ ಹೆಸರುಗಳೇ ಅಲ್ಲ, ಯಂತ್ರಕ್ಕೆ ಜೋಡಿಸಿದ ಸಾಧನಗಳ ಬಾಗಿಲುಗಳು. ಆ ಬಾಗಿಲಿನ ಹೆಸರನ್ನು ನೀವು ಯಾವ ಫೋಲ್ಡರಿನಲ್ಲಿ ನಿಂತು ಕರೆದರೂ ಬಾಗಿಲೇ ತೆರೆದುಕೊಳ್ಳುತ್ತದೆ, ಫೈಲಲ್ಲ.

ಓದುವ ಮೊದಲು ಒಂದು ಮಾತು. ಕೆಳಗಿನ ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿದೆ. ಒತ್ತುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಕಾನ್ ಎಂದರೆ ಸಿ-ಓ-ಎನ್, ಆಕ್ಸ್ ಎಂದರೆ ಎ-ಯು-ಎಕ್ಸ್, ನಲ್ ಎಂದರೆ ಎನ್-ಯು-ಎಲ್ (ಎಲ್ ಒಂದೇ, ಎರಡಲ್ಲ), ಕಾಮ್ ಎಂದರೆ ಸಿ-ಓ-ಎಂ. ಡೆಲ್, ರೆನ್ ಎಂಬ ಆಜ್ಞೆಗಳೂ ಮೂರೇ ಅಕ್ಷರದವು. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ಡಾಸಿಗಿಲ್ಲ. ಹಿಂದಕ್ಕೆ ವಾಲಿದ ಗೆರೆ \ ಮತ್ತು ಮುಂದಕ್ಕೆ ವಾಲಿದ ಗೆರೆ / ಎರಡನ್ನೂ ಅದಲುಬದಲು ಮಾಡಬೇಡಿ. ಕೆಲಸ ಕೆಡುವುದು ಬಹುಪಾಲು ಇಲ್ಲೇ.

ಹೆಸರುಗಳು ಮತ್ತು ಅವುಗಳ ಕೆಲಸ

ಕಾನ್ ಎಂದರೆ ಕನ್ಸೋಲ್. ಅದರಿಂದ ಓದಿದರೆ ಕೀಬೋರ್ಡು, ಅದಕ್ಕೆ ಬರೆದರೆ ಪರದೆ. ಪಿಆರ್‌ಎನ್ ಎಂದರೆ ಪ್ರಿಂಟರ್, ಅಂದರೆ ಎಲ್‌ಪಿಟಿ1 ಎಂಬ ಪ್ಯಾರಲಲ್ ಪೋರ್ಟು, ಡಾಟ್ ಮ್ಯಾಟ್ರಿಕ್ಸಿನ ಅಗಲ ಕೇಬಲ್ ಹೋಗುವ 25 ರಂಧ್ರಗಳ ಕಿಂಡಿ. ಆಕ್ಸ್ ಎಂದರೆ ಕಾಮ್1, ಮೊದಲ ಸೀರಿಯಲ್ ಪೋರ್ಟು. ಲಾರಿ ತೂಗುವ ವೇಬ್ರಿಜ್ಜಿನ ಇಂಡಿಕೇಟರ್, ಅಂದರೆ ತೂಕ ತೋರಿಸುವ ಪೆಟ್ಟಿಗೆ, ಸಾಮಾನ್ಯವಾಗಿ ಜೋಡಿಸಿರುವುದು ಇದಕ್ಕೇ. ನಲ್ ಎಂಬುದು ತಳವಿಲ್ಲದ ಬಾವಿ. ಎಷ್ಟು ಸುರಿದರೂ ನುಂಗುತ್ತದೆ, ಸೇದಲು ಹೋದರೆ ಹನಿಯೂ ಬಾರದು. ಡಾಸ್ ಮತ್ತು ವಿಂಡೋಸ್ 98ರ ತನಕ ಗಡಿಯಾರಕ್ಕೂ ಕ್ಲಾಕ್$ ಎಂಬ ಹೆಸರಿತ್ತು.

ಡಾಸಿನಲ್ಲಿ ಕಾಮ್1ರಿಂದ ಕಾಮ್4, ಎಲ್‌ಪಿಟಿ1ರಿಂದ ಎಲ್‌ಪಿಟಿ3 ಮೀಸಲು. ಎನ್‌ಟಿ, 2000, ಎಕ್ಸ್‌ಪಿ ಮತ್ತು ನಂತರದ ವಿಂಡೋಸುಗಳಲ್ಲಿ ಎರಡೂ 1ರಿಂದ 9ರವರೆಗೆ. ಕಾಮ್10 ಮೀಸಲಲ್ಲ, ಆ ಹೆಸರಿನ ಫೋಲ್ಡರ್ ಧಾರಾಳವಾಗಿ ಮಾಡಬಹುದು. ಇದಲ್ಲದೆ ಯಂತ್ರ ಚಾಲೂ ಆಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನ ಮೂಲಕ ಹಾಕಿದ ಪ್ರತಿ ಡ್ರೈವರೂ ತನ್ನದೊಂದು ಹೆಸರು ಹಿಡಿದುಕೊಳ್ಳಬಹುದು. ಡ್ರೈವರ್ ಎಂದರೆ ಒಂದು ಸಾಧನವನ್ನು ನಡೆಸುವ ಚಿಕ್ಕ ತಂತ್ರಾಂಶ. ಸಿಡಿ ಡ್ರೈವಿಗೆ ಎಂಎಸ್‌ಸಿಡಿ001 ಎಂಬ ಹೆಸರು ಕೊಡುವುದು ರೂಢಿ. ಡಾಸ್ 5 ಮತ್ತು 6ರಲ್ಲಿ ಮೆಮ್ /ಡಿ ಎಂದು ಒತ್ತಿದರೆ ನಿಮ್ಮ ಯಂತ್ರದಲ್ಲಿ ಯಾವ ಹೆಸರುಗಳು ಸಿಕ್ಕಿಕೊಂಡಿವೆ ಎಂಬ ಪಟ್ಟಿ ಪರದೆಯ ಮೇಲೆ ಬರುತ್ತದೆ.

ಯಾಕೆ ಹೀಗಾಯಿತು

ಗ್ಯಾರಿ ಕಿಲ್ಡಾಲ್ 1970ರ ದಶಕದಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಲ್ಲೇ ಸಾಧನಗಳನ್ನು ಫೈಲಿನಂತೆ ಹೆಸರಿಟ್ಟು ಕರೆಯುವ ಪದ್ಧತಿ ಇತ್ತು. ಅಲ್ಲಿ ಹೆಸರಿನ ಕೊನೆಗೆ : ಚಿಹ್ನೆ ಹಾಕಬೇಕಿತ್ತು, ಹಾಗಾಗಿ ಫೈಲು ಯಾವುದು, ಸಾಧನ ಯಾವುದು ಎಂಬ ಗೊಂದಲವಿರಲಿಲ್ಲ. ಟಿಮ್ ಪ್ಯಾಟರ್‌ಸನ್ ಬರೆದ ವ್ಯವಸ್ಥೆ 1981ರಲ್ಲಿ ಐಬಿಎಂ ಪಿಸಿಯ ಡಾಸ್ ಆಗಿ ಹೊರಬಂತು. ಅದರಲ್ಲಿ : ಇಲ್ಲದಿದ್ದರೂ ಸಾಧನವೆಂದೇ ಲೆಕ್ಕ. ಆಗ ತೊಂದರೆಯೇನೂ ಕಾಣಲಿಲ್ಲ. ಫೋಲ್ಡರುಗಳೇ ಇರಲಿಲ್ಲ, ಒಂದು ಫ್ಲಾಪಿಯಲ್ಲಿ ಇದ್ದದ್ದೆಲ್ಲ ಒಂದೇ ಪಟ್ಟಿ.

1983ರ ಡಾಸ್ 2.0 ಫೋಲ್ಡರುಗಳನ್ನು ತಂದಿತು. ಸಾಧನಗಳನ್ನೆಲ್ಲ ಒಂದು ಪ್ರತ್ಯೇಕ ಫೋಲ್ಡರಿಗೆ ತಳ್ಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಫೋಲ್ಡರ್ ಎಂದರೇನೆಂದು ತಿಳಿಯದ ಹಳೇ ತಂತ್ರಾಂಶಗಳು ಪಿಆರ್‌ಎನ್ ಎಂದಷ್ಟೇ ಕೂಗುತ್ತಿದ್ದವು. ಅವು ಯಾವ ಫೋಲ್ಡರಿನಲ್ಲಿ ನಿಂತು ಕೂಗಿದರೂ ಪ್ರಿಂಟರ್ ಓಗೊಡಬೇಕಿತ್ತು. ಹಾಗಾಗಿ ಪ್ರತಿ ಫೋಲ್ಡರಿನಲ್ಲೂ ಈ ಹೆಸರುಗಳು ಇವೆ ಎಂಬಂತೆ ನಡೆದುಕೊಳ್ಳಲು ಡಾಸಿಗೆ ಕಲಿಸಿದರು. ಡಾಸ್ ಒಂದು ಫೈಲು ತೆರೆಯುವ ಮೊದಲು ನಲ್‌ನಿಂದ ಶುರುವಾಗುವ ಸಾಧನಗಳ ಸರಪಳಿಯನ್ನು ಒಂದೊಂದಾಗಿ ನೋಡುತ್ತದೆ. ಹೆಸರಿನ ಮೊದಲ ಎಂಟು ಅಕ್ಷರ ಹೊಂದಿದರೆ ಸಾಧನ ಎಂದು ತೀರ್ಮಾನ, ಡಿಸ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ.

ಚುಕ್ಕೆಯ ನಂತರದ ಭಾಗವನ್ನು ಈ ಹೋಲಿಕೆಯಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ಆದ್ದರಿಂದ ಕಾನ್.ಟಿಎಕ್ಸ್‌ಟಿ, ಕಾನ್.ಡಾಕ್, ಕಾನ್.98 ಎಲ್ಲವೂ ಕಾನ್ ಒಂದೇ.

ಹಂತ 1: ಯಂತ್ರ ಯಾವುದೆಂದು ತಿಳಿಯಿರಿ

ಮದ್ದು ಯಂತ್ರದ ಮೇಲೆ ನಿಂತಿದೆ. ಆಜ್ಞೆ ಒತ್ತುವ ಕಪ್ಪು ಪರದೆ (ಕಮಾಂಡ್ ಪ್ರಾಂಪ್ಟ್) ತೆರೆದು ವಿಇಆರ್ ಎಂಬ ಮೂರಕ್ಷರ ಒತ್ತಿ. ಸಂಖ್ಯೆ 4.00 ಎಂದು ಶುರುವಾದರೆ ವಿಂಡೋಸ್ 95, 4.10 ಆದರೆ 98, 4.90 ಆದರೆ ಎಂಇ. ಇವು ಡಾಸಿನ ಮೇಲೆ ಕಟ್ಟಿದ ಮನೆಗಳು. 5.00 ಎಂದರೆ 2000, 5.1 ಎಂದರೆ ಎಕ್ಸ್‌ಪಿ. ಇವೂ ನಂತರದವೂ ಎನ್‌ಟಿ ವಂಶ. ಮೊದಲ ಗುಂಪಿಗೆ ಹಂತ 5, ಎರಡನೆಯದಕ್ಕೆ ಹಂತ 4.

ಕೈಗೆ ಬೇಕಾದವು ಇಷ್ಟು: ಖಾಲಿ ಪೆನ್‌ಡ್ರೈವ್ ಒಂದು, ಲಿನಕ್ಸ್ ಎಂಬ ಬೇರೊಂದು ಕಾರ್ಯವ್ಯವಸ್ಥೆಯಿಂದ ಯಂತ್ರ ಎಬ್ಬಿಸುವ ಲೈವ್ ಸಿಡಿ ಅಥವಾ ಲೈವ್ ಪೆನ್‌ಡ್ರೈವ್ ಒಂದು, ಹಳೇ ಹಾರ್ಡ್‌ಡಿಸ್ಕ್ ಹೊರತೆಗೆಯಬೇಕಾದರೆ ಐಡಿಇ ಎಂಬ ಹಳೇ ಡಿಸ್ಕ್ ಜೋಡಣೆಯಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್, ಮತ್ತು ಕೆಲಸ ಮುಗಿಯುವ ತನಕ ಕರೆಂಟು ನಿಲ್ಲಿಸಿಕೊಡುವ ಯುಪಿಎಸ್. ಡಿಸ್ಕಿನ ಪಟ್ಟಿ ತಿದ್ದುತ್ತಿರುವಾಗ ಕರೆಂಟು ಹೋದರೆ ಒಂದು ಫೈಲು ಅಳಿಸಲು ಹೋಗಿ ನೂರು ಕಳೆದುಕೊಳ್ಳುತ್ತೀರಿ.

ಹಂತ 2: ಹೆಸರಿಡುವಾಗಲೇ ತಪ್ಪಿಸಿಕೊಳ್ಳಿ

ಪೂರ್ತಿ ಹೆಸರು ಹೊಂದಿದರೆ ಮಾತ್ರ ತಕರಾರು. ಆದ್ದರಿಂದ ಒಂದಕ್ಷರ ಕೂಡಿಸಿದರೆ ಸಾಕು. ಕಾಮ್1ರ ಬದಲು ಬಿಕಾಮ್1, ಕಾನ್ ಬದಲು ಕಾನ್‌ಟ್ರ್ಯಾಕ್ಟ್, ವಿದ್ಯಾರ್ಥಿಗಳ ನೋಂದಣಿ ಸಂಖ್ಯೆಯ ಪಿಆರ್‌ಎನ್ ಬದಲು ಪಿಆರ್‌ಎನ್‌ಎಸ್, ಹಾಡು ತುಂಬಿದ ಆಕ್ಸ್ ಬದಲು ಆಕ್ಸ್_ಹಾಡು. ವರ್ಷ ಸೇರಿಸುವುದಾದರೆ ಚುಕ್ಕೆ ಇಡಬೇಡಿ. ಕಾನ್-98 ನಡೆಯುತ್ತದೆ, ಕಾನ್.98 ನಡೆಯುವುದಿಲ್ಲ. ತುಂಬಾ ಜನ ಎಡವುವುದು ಈ ಚುಕ್ಕೆಯಲ್ಲೇ.

ಈ ತಪ್ಪು ಪ್ರತಿ ಸಲ ದೋಷಸಂದೇಶ ಕೊಡುವುದಿಲ್ಲ ಎಂಬುದೇ ದೊಡ್ಡ ಅಪಾಯ. ವಿಂಡೋಸಿನ ಹೊಸ ತಂತ್ರಾಂಶಗಳು ಹೆಸರು ಸರಿಯಿಲ್ಲ ಎಂದು ಗದರಿಸುತ್ತವೆ. ಡಾಸಿನ ಲೆಕ್ಕದ ತಂತ್ರಾಂಶ ಗದರಿಸುವುದಿಲ್ಲ. ನಲ್.ಡಾಟ್ (ಡಾಟ್ ಎಂದರೆ ಡಿ-ಎ-ಟಿ) ಎಂದು ಉಳಿಸಿದರೆ 'ಆಯಿತು' ಎನ್ನುತ್ತದೆ, ಮಾಹಿತಿ ಬಾವಿಗೆ ಬಿತ್ತು. ಕಾನ್ ಎಂದರೆ ಪರದೆಯ ಮೇಲೆ ಸರ್ರನೆ ಅಕ್ಷರ ಹರಿದು ಹೋಗುತ್ತದೆ. ಪಿಆರ್‌ಎನ್ ಎಂದರೆ ಪ್ರಿಂಟರಿನಲ್ಲಿ ಕಾಗದ ಓಡತೊಡಗುತ್ತದೆ, ಪ್ರಿಂಟರ್ ಆಫ್ ಆಗಿದ್ದರೆ ಯಂತ್ರ ಕಾಯುತ್ತ ಕೂರುತ್ತದೆ. ಆಕ್ಸ್ ಎಂದರೆ ನಿಮ್ಮ ಲೆಕ್ಕವೆಲ್ಲ ತೂಕದ ಇಂಡಿಕೇಟರಿನ ಕಡೆ ಹೊರಟಿತು ಎಂದರ್ಥ.

ಹಳೇ ಯಂತ್ರಕ್ಕೆ ಹೋಗಬೇಕಾದ ಫೈಲಿಗೆ ಚುಕ್ಕೆಯ ಮುಂಚೆ ಎಂಟಕ್ಷರ, ನಂತರ ಮೂರಕ್ಷರ ಮೀರಬೇಡಿ. ಡಾಸಿನ ಫ್ಯಾಟ್ ಪಟ್ಟಿಯಲ್ಲಿ ಒಂದು ಫೈಲಿಗೆ 32 ಬೈಟಿನ ಒಂದು ಸಾಲು, ಅದರಲ್ಲಿ ಹೆಸರಿಗೆ ಸಿಗುವುದು 8 ಮತ್ತು 3 ಬೈಟು ಮಾತ್ರ. ಫ್ಯಾಟ್ ಎಂದರೆ ಯಾವ ಫೈಲು ಡಿಸ್ಕಿನ ಯಾವ ತುಣುಕುಗಳಲ್ಲಿದೆ ಎಂದು ಬರೆದಿಡುವ ಕೋಷ್ಟಕ. ಹೆಸರಿನಲ್ಲಿ ಖಾಲಿ ಜಾಗ, + , ; = [ ] ಬೇಡ. ಇವನ್ನು ವಿಂಡೋಸ್ ಉದ್ದ ಹೆಸರಿನಲ್ಲಿ ಬಿಡುತ್ತದೆ, ಡಾಸ್ ಬಿಡುವುದಿಲ್ಲ. \ / : * ? " < > | ಇವನ್ನು ಎರಡೂ ಬಿಡುವುದಿಲ್ಲ.

ಕನ್ನಡದಲ್ಲೇ ಫೈಲಿನ ಹೆಸರಿಡುವ ಆಸೆ ಸಹಜ. ಎಕ್ಸ್‌ಪಿಯಿಂದೀಚೆಗೆ ಯುನಿಕೋಡ್ ಕನ್ನಡದ ಹೆಸರು ನಡೆಯುತ್ತದೆ. ಆದರೆ ಅದೇ ಪೆನ್‌ಡ್ರೈವನ್ನು 98ಕ್ಕೆ ಹಾಕಿದರೆ ಹೆಸರಿನ ಜಾಗದಲ್ಲಿ ಅಡಿಗೆರೆಗಳ ಸಾಲು ಕಾಣುತ್ತದೆ, ತೆರೆಯುವುದೂ ಕಷ್ಟ. ಒಳಗೆ ಕನ್ನಡ ಇರಲಿ, ಹೊರಗಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ.

ವಿಂಡೋಸ್ 11ರಲ್ಲಿ ಈ ನಿಯಮ ಕೊಂಚ ಸಡಿಲವಾಗಿದೆ. ಅದನ್ನು ನಂಬಿ ಹೆಸರಿಡಬೇಡಿ. ಅಲ್ಲಿ ಹುಟ್ಟಿದ ಕಾನ್.ಟಿಎಕ್ಸ್‌ಟಿ ಗಿರಣಿಯ ಎಕ್ಸ್‌ಪಿಗೆ ಬಂದಾಗ ಹೊಸ ತಲೆನೋವಾಗುತ್ತದೆ.

ಹಂತ 3: ಅಳಿಯದ ಫೈಲಿಗೆ ಇರುವ ಕಾಯಿಲೆ ಯಾವುದು ನೋಡಿ

ಅಳಿಯದ್ದೆಲ್ಲ ಮೀಸಲು ಹೆಸರಲ್ಲ. ಎಕ್ಸ್‌ಪಿ ಅಥವಾ ನಂತರದ ಯಂತ್ರದಲ್ಲಿ ಆ ಫೋಲ್ಡರಿಗೆ ಹೋಗಿ ಡಿಐಆರ್ /ಎ /ಎಕ್ಸ್ ಒತ್ತಿ. /ಎ ಅಡಗಿಸಿದ ಫೈಲನ್ನೂ ತೋರಿಸುತ್ತದೆ, /ಎಕ್ಸ್ ಪ್ರತಿ ಉದ್ದ ಹೆಸರಿನ ಪಕ್ಕ ಅದರ ಎಂಟಕ್ಷರದ ಗಿಡ್ಡ ಹೆಸರನ್ನು ತೋರಿಸುತ್ತದೆ.

ಹೆಸರು ಮೇಲಿನ ಪಟ್ಟಿಯಲ್ಲಿದ್ದರೆ ಹಂತ 4ಕ್ಕೆ ಹೋಗಿ. ಹೆಸರಿನ ಕೊನೆಗೆ ಚುಕ್ಕೆಯೋ ಖಾಲಿ ಜಾಗವೋ ಇದ್ದರೆ ಅದು ಬೇರೆ ಕಾಯಿಲೆ. ಕೊನೆಯ ಚುಕ್ಕೆ, ಖಾಲಿ ಜಾಗಗಳನ್ನು ವಿಂಡೋಸ್ ತಾನಾಗಿ ಕತ್ತರಿಸಿ ಹುಡುಕುತ್ತದೆ, ಹಾಗಾಗಿ ಕಣ್ಣೆದುರಿರುವ ಫೈಲೇ ಅದಕ್ಕೆ ಸಿಗುವುದಿಲ್ಲ. ಮದ್ದು ಹಂತ 4ರ ಎರಡನೇ ಭಾಗದಲ್ಲಿದೆ. ಹೆಸರು ಸರಿಯಿದ್ದು 'ಬಳಕೆಯಲ್ಲಿದೆ' ಎಂದು ಬಂದರೆ ಯಾವುದೋ ತಂತ್ರಾಂಶ ಹಿಡಿದುಕೊಂಡಿದೆ, ಯಂತ್ರ ಮತ್ತೆ ಚಾಲೂ ಮಾಡಿ. 'ಅನುಮತಿ ಇಲ್ಲ' ಎಂದರೆ ಮೊದಲು ಗುಣಲಕ್ಷಣ ಬಿಚ್ಚಿ:

ಆಟ್ರಿಬ್ -ಆರ್ -ಎಚ್ -ಎಸ್ ಫೈಲಿನಹೆಸರು

ಓದಲು ಮಾತ್ರ, ಅಡಗಿದ, ವ್ಯವಸ್ಥೆಯ ಫೈಲು ಎಂಬ ಮೂರು ಗುರುತುಗಳನ್ನೂ ಇದು ತೆಗೆಯುತ್ತದೆ.

ಝೆರಾಕ್ಸ್ ಅಂಗಡಿಗಳಲ್ಲಿ ತಿರುಗಿಬಂದ ಪೆನ್‌ಡ್ರೈವುಗಳಲ್ಲಿ ಆಟೋರನ್.ಐಎನ್‌ಎಫ್ ಎಂಬ ಹೆಸರಿನ ಫೋಲ್ಡರ್, ಅದರೊಳಗೆ ಎಲ್‌ಪಿಟಿ3 ಎಂದು ಶುರುವಾಗುವ ಇನ್ನೊಂದು ಫೋಲ್ಡರ್ ಕಂಡರೆ ಗಾಬರಿ ಬೇಡ. ಪೆನ್‌ಡ್ರೈವ್ ವೈರಸ್ ಹಾವಳಿಯ ಕಾಲದಲ್ಲಿ ಕೆಲವು ರಕ್ಷಣಾ ತಂತ್ರಾಂಶಗಳು ಬೇಕೆಂದೇ ಹಾಗೆ ಮಾಡಿಡುತ್ತಿದ್ದವು. ವೈರಸ್ಸು ಅದೇ ಹೆಸರಿನ ಫೈಲು ಬರೆಯಲು ಬಂದರೆ ಜಾಗ ಆಗಲೇ ಭರ್ತಿ, ಅಳಿಸಿ ಬರೆಯೋಣವೆಂದರೆ ಒಳಗಿನ ಮೀಸಲು ಹೆಸರು ಅಳಿಯದು. ಕಳ್ಳನಿಗೇ ಬೀಗ ತೊಡಿಸಿದಂತೆ. ಇದ್ದರೆ ಇರಲಿ.

ಹಂತ 4: ಎಕ್ಸ್‌ಪಿ ಮತ್ತು ನಂತರದ ವಿಂಡೋಸಿನಲ್ಲಿ ತೆಗೆಯುವುದು

ಲಿನಕ್ಸ್, ಮ್ಯಾಕ್, ನೆಟ್‌ವರ್ಕ್ ಸರ್ವರುಗಳಿಗೆ ಈ ಹೆಸರುಗಳಲ್ಲಿ ಏನೂ ವಿಶೇಷವಿಲ್ಲ. ಲಿನಕ್ಸ್ ಕರ್ನಲಿನ ಮೂಲಸಂಕೇತದಲ್ಲೇ ಆಕ್ಸ್.ಸಿ ಎಂಬ ಫೈಲಿದೆ, ಅದನ್ನು ವಿಂಡೋಸಿಗೆ ಇಳಿಸಲು ಹೋದವರು ಅಲ್ಲೇ ಮುಗ್ಗರಿಸುತ್ತಾರೆ. ಡಿಸ್ಕಿನ ಫ್ಯಾಟ್ ಪಟ್ಟಿಗೂ ಯಾವ ಹೆಸರೂ ಒಂದೇ. ಅಡ್ಡಿ ಮಾಡುತ್ತಿರುವುದು ಹೆಸರು ಓದುವ ವಿಂಡೋಸಿನ ಪದರವೊಂದೇ. ಆ ಪದರವನ್ನು ದಾಟಲು ದಾರಿಯ ಮುಂದೆ ಹಚ್ಚುವ ಗುರುತುಗಳು ಎರಡು.

ಮೀಸಲು ಹೆಸರಿಗೆ \\.\ ಹಚ್ಚಿ. ಡಿ ಡ್ರೈವಿನ ಲೆಕ್ಕ ಎಂಬ ಫೋಲ್ಡರಿನಲ್ಲಿ ಕಾನ್.ಟಿಎಕ್ಸ್‌ಟಿ ಇದೆ ಎಂದುಕೊಳ್ಳಿ. ಒಳಗೆ ಏನಿದೆಯೋ ಗೊತ್ತಿಲ್ಲ, ಆದ್ದರಿಂದ ಮೊದಲು ಹೆಸರು ಬದಲಿಸಿ:

ರೆನ್ \\.\ಡಿ:\ಲೆಕ್ಕ\ಕಾನ್.ಟಿಎಕ್ಸ್‌ಟಿ ಹಳೆ.ಟಿಎಕ್ಸ್‌ಟಿ

ಎರಡನೇ ಹೆಸರಿಗೆ ದಾರಿ ಬರೆಯಬಾರದು, ಬರೀ ಹೆಸರು. ಈಗ ಹಳೆ.ಟಿಎಕ್ಸ್‌ಟಿ ಎಲ್ಲ ಫೈಲುಗಳಂತೆಯೇ ತೆರೆಯುತ್ತದೆ. ಬೇಡದ್ದು ಎಂದು ಖಾತ್ರಿಯಿದ್ದರೆ ನೇರ ಅಳಿಸಬಹುದು:

ಡೆಲ್ \\.\ಡಿ:\ಲೆಕ್ಕ\ಕಾನ್.ಟಿಎಕ್ಸ್‌ಟಿ

ಫೋಲ್ಡರಾದರೆ:

ಆರ್‌ಡಿ /ಎಸ್ \\.\ಡಿ:\ಲೆಕ್ಕ\ಆಕ್ಸ್

ಹೆಸರಿನ ಕೊನೆಗೆ ಚುಕ್ಕೆ ಅಥವಾ ಖಾಲಿ ಜಾಗವಿದ್ದರೆ \\.\ ಗುರುತಿನೊಳಗಿನ ಚುಕ್ಕೆಯ ಬದಲು ಪ್ರಶ್ನಾರ್ಥಕ ಹಾಕಿ, ಇಡೀ ದಾರಿಗೆ ಉದ್ಧರಣ ಚಿಹ್ನೆ ತೊಡಿಸಿ:

ಆರ್‌ಡಿ /ಎಸ್ "\\?\ಡಿ:\ಲೆಕ್ಕ\ಜನವರಿ."

ಎರಡಕ್ಕೂ ಏನು ವ್ಯತ್ಯಾಸ? \\.\ ಸಾಧನದ ಹೆಸರಿನ ತಪಾಸಣೆಯನ್ನು ದಾಟಿಸುತ್ತದೆ, ಆದರೆ ಕೊನೆಯ ಚುಕ್ಕೆ ಕತ್ತರಿಸುವ ಚಾಳಿ ಹಾಗೇ ಉಳಿಯುತ್ತದೆ. \\?\ ಎಂದರೆ 'ನಾನು ಬರೆದದ್ದನ್ನು ಮುಟ್ಟಬೇಡ, ಇದ್ದಂತೆ ಒಯ್ದುಕೊಡು' ಎಂದು ವಿಂಡೋಸಿಗೆ ಹೇಳಿದಂತೆ. ಒಟ್ಟು 260 ಅಕ್ಷರ ಮೀರಿದ ದಾರಿಗಳಿಗೂ ಇದೇ ಕೀಲಿ.

ಇಲ್ಲಿ ಕೆಡುವುದು ಹೀಗೆ. ಡ್ರೈವಿನ ಅಕ್ಷರದಿಂದ ಶುರುವಾಗುವ ಪೂರ್ಣ ದಾರಿ ಬರೆಯದೆ ಬರೀ \\?\ಕಾನ್ ಎಂದರೆ ಕೆಲಸ ಮಾಡದು. / ಗೆರೆ ಹಾಕಿದರೆ ಆಗದು, ಏಕೆಂದರೆ ತಿದ್ದಿಕೊಳ್ಳುವ ಪದರವನ್ನೇ ನೀವು ದಾಟಿದ್ದೀರಿ. ಹೆಸರಿನಲ್ಲಿ ಖಾಲಿ ಜಾಗವಿದ್ದೂ ಉದ್ಧರಣ ಚಿಹ್ನೆ ಮರೆತರೆ ಆರ್‌ಡಿ /ಎಸ್ ಆ ದಾರಿಯನ್ನು ಎರಡು ಹೆಸರೆಂದು ಓದಿ, ಅದೃಷ್ಟ ಕೆಟ್ಟಿದ್ದರೆ ಬೇರೆ ಫೋಲ್ಡರನ್ನೇ ಒರೆಸಿಹಾಕುತ್ತದೆ. /ಎಸ್ ಎಂದರೆ ಒಳಗಿರುವುದೆಲ್ಲ ಹೋಗುತ್ತದೆ, ಕಸದ ಬುಟ್ಟಿಗೂ ಬೀಳುವುದಿಲ್ಲ. 'ಖಚಿತವೇ' ಎಂಬ ಪ್ರಶ್ನೆ ತಪ್ಪಿಸುವ /ಕ್ಯೂ ಅನ್ನು ದಯವಿಟ್ಟು ಸೇರಿಸಬೇಡಿ. ಆ ಪ್ರಶ್ನೆ ಬಂದಾಗ ದಾರಿಯನ್ನು ಇನ್ನೊಮ್ಮೆ ಓದಿ.

ಹಂತ 5: ಬರೀ ಡಾಸ್ ಅಥವಾ ವಿಂಡೋಸ್ 98 ಇದ್ದರೆ

ಮೇಲಿನ ಗುರುತುಗಳು ಇಲ್ಲಿ ನಡೆಯುವುದಿಲ್ಲ. ಸುಲಭದ ದಾರಿ, ಯಂತ್ರವನ್ನು ಲಿನಕ್ಸಿನ ಲೈವ್ ಸಿಡಿಯಿಂದ ಎಬ್ಬಿಸಿ ಅಲ್ಲಿಂದ ಹೆಸರು ಬದಲಿಸುವುದು. 98ರ ಕಾಲದ ಬಹುತೇಕ ಯಂತ್ರಗಳು ಪೆನ್‌ಡ್ರೈವಿನಿಂದ ಏಳುವುದಿಲ್ಲ, ಆದ್ದರಿಂದ ಸಿಡಿ ಎಂದೆ. ಇಂದಿನ ಲಿನಕ್ಸುಗಳಿಗೆ ಅಲ್ಲಿನ ಮೆಮೊರಿ ಸಾಲದು. ಹಳೇ ಯಂತ್ರಕ್ಕೆಂದೇ ಮಾಡಿದ ಹಗುರ ಆವೃತ್ತಿ ಬೇಕು.

ಅದೂ ಆಗದಿದ್ದರೆ ಹಾರ್ಡ್‌ಡಿಸ್ಕ್ ಬಿಚ್ಚಿ ಐಡಿಇ–ಯುಎಸ್‌ಬಿ ಕೇಬಲ್ಲಿನಿಂದ ಹೊಸ ಯಂತ್ರಕ್ಕೆ ಜೋಡಿಸಿ ಹಂತ 4 ಮಾಡಿ. ಡಿಸ್ಕಿನ ಹಿಂಬದಿಯ ಚಿಕ್ಕ ಜಂಪರನ್ನು ಮಾಸ್ಟರ್ ಸ್ಥಾನಕ್ಕೆ ಇಡಿ, ಮೊದಲಿದ್ದ ಸ್ಥಾನದ ಫೋಟೊ ತೆಗೆದಿಟ್ಟುಕೊಳ್ಳಿ. ತೌಡಿನ ದೂಳು ತುಂಬಿದ ಪೆಟ್ಟಿಗೆಯಾದರೆ ಬಿಚ್ಚುವ ಮೊದಲು ಬ್ರಶ್ಶಿನಿಂದ ಒರೆಸಿ. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಯಾವ ಕಡೆಗಿತ್ತೆಂದೂ ನೋಡಿಟ್ಟುಕೊಳ್ಳಿ.

ಮೂರನೆಯದು ಡಿಸ್ಕ್ ಎಡಿಟರ್, ಅಂದರೆ ಡಿಸ್ಕಿನ ಬೈಟುಗಳನ್ನು ನೇರವಾಗಿ ತಿದ್ದುವ ತಂತ್ರಾಂಶ. ಪಟ್ಟಿಯಲ್ಲಿ ಆ ಫೈಲಿನ 32 ಬೈಟಿನ ಸಾಲು ಹುಡುಕಿ ಮೊದಲ ಬೈಟನ್ನು ಹೆಕ್ಸ್ (ಹದಿನಾರರ ಎಣಿಕೆ) 43ರಿಂದ ಹೆಕ್ಸ್ 4ಬಿಗೆ ಬದಲಿಸಿದರೆ ಸಿ ಹೋಗಿ ಕೆ ಆಗುತ್ತದೆ. ಇ5 ಎಂದು ಮಾತ್ರ ಬರೆಯಬೇಡಿ. ಅದು 'ಅಳಿಸಲಾಗಿದೆ' ಎಂಬ ಗುರುತು. ಪಟ್ಟಿಯಿಂದ ಹೆಸರು ಹೋಗುತ್ತದೆ, ಆದರೆ ಫ್ಯಾಟಿನಲ್ಲಿ ಅದು ಹಿಡಿದ ಜಾಗ ಬಿಡುಗಡೆಯಾಗದೆ ಅನಾಥ ತುಣುಕುಗಳಾಗಿ ಉಳಿಯುತ್ತದೆ. 98ರಲ್ಲಿ ಉದ್ದ ಹೆಸರಿನ ಸಾಲುಗಳಿಗೂ ಗಿಡ್ಡ ಹೆಸರಿಗೂ ಒಂದು ತಾಳೆಸಂಖ್ಯೆಯ ನಂಟಿದೆ, ಗಿಡ್ಡದ್ದನ್ನು ತಿದ್ದಿದರೆ ಆ ನಂಟು ಕಡಿಯುತ್ತದೆ. ಆಮೇಲೆ ಡಿಸ್ಕಿನ ತಪ್ಪು ಹುಡುಕಿ ತಿದ್ದುವ ಸ್ಕ್ಯಾನ್‌ಡಿಸ್ಕ್ ಓಡಿಸಿ ಸರಿಮಾಡಿಸಿ. ವಿಂಡೋಸಿನೊಳಗಿಂದ ಈ ಕೆಲಸ ಬೇಡ, ಡಾಸಿಗೇ ಇಳಿದು ಮಾಡಿ.

98ರಲ್ಲಿ ಇನ್ನೊಂದು ಎಚ್ಚರಿಕೆ. ಸಿ:\ಕಾನ್\ಕಾನ್ ಎಂಬಂತೆ ಎರಡು ಮೀಸಲು ಹೆಸರು ಒಂದರ ಹಿಂದೊಂದು ಬರುವ ದಾರಿಯನ್ನು ಪರೀಕ್ಷೆಗೂ ಒತ್ತಬೇಡಿ. ನೀಲಿ ಪರದೆ ಬಂದು ಯಂತ್ರ ಮಲಗುತ್ತದೆ. ಇದಕ್ಕೆ ಮೈಕ್ರೋಸಾಫ್ಟ್ 2000ರ ಮಾರ್ಚಿನಲ್ಲಿ ತೇಪೆ ಕೊಟ್ಟಿತು. ನಿಮ್ಮ ಯಂತ್ರದಲ್ಲಿ ಅದನ್ನು ಹಾಕಿದ್ದಾರೋ ಇಲ್ಲವೋ ಎಂದು ಒತ್ತಿ ನೋಡುವುದು ಬೇಡ.

ಹಂತ 6: ಹಳೇ ಫೈಲುಗಳನ್ನು ಹೊರತರುವಾಗ

ಅರ್ಧಕ್ಕೆ ನಿಲ್ಲುವ ಫೈಲಿನ ಗುಟ್ಟು ಇಲ್ಲಿದೆ. ಡಾಸಿನಲ್ಲಿ 26ನೇ ಸಂಖ್ಯೆಯ ಬೈಟು, ಅಂದರೆ ಕಂಟ್ರೋಲ್-ಝಡ್, 'ಬರಹ ಮುಗಿಯಿತು' ಎಂಬ ಗುರುತು. ಇದೂ ಸಿಪಿ/ಎಂನ ಪಳೆಯುಳಿಕೆಯೇ. ಒಂದೇ ಫೈಲನ್ನು ಡಿಸ್ಕಿನಿಂದ ಡಿಸ್ಕಿಗೆ ನಕಲು ಮಾಡುವಾಗ ಕಾಪಿ ಆಜ್ಞೆ ಇದನ್ನು ಲೆಕ್ಕಿಸುವುದಿಲ್ಲ. ಹಲವು ಫೈಲುಗಳನ್ನು + ಹಾಕಿ ಜೋಡಿಸುವಾಗ ಎಲ್ಲವೂ ಬರಹವೆಂದೇ ನಂಬಿ, ಪ್ರತಿ ಫೈಲಿನಲ್ಲಿ ಮೊದಲ 26 ಕಂಡಲ್ಲಿಗೇ ನಿಲ್ಲಿಸುತ್ತದೆ. ತಿಂಗಳ ಲೆಕ್ಕಗಳನ್ನು ಒಟ್ಟು ಸೇರಿಸುವವರು /ಬಿ ಮರೆಯಬಾರದು:

ಕಾಪಿ /ಬಿ ಜನ.ಡಾಟ್+ಫೆಬ್.ಡಾಟ್ ಒಟ್ಟು.ಡಾಟ್

ಜೋಡಿಸಿದ ಮೇಲೆ ಡಿಐಆರ್‌ನಲ್ಲಿ ಎರಡರ ಗಾತ್ರ ಕೂಡಿದರೆ ಮೂರನೆಯದಕ್ಕೆ ಸಮ ಬರಬೇಕು. ನಕಲು ಮಾಡಿದ್ದನ್ನು ಎಫ್‌ಸಿ /ಬಿ ಆಜ್ಞೆಯಿಂದ ಮೂಲದ ಜೊತೆ ಬೈಟಿಗೆ ಬೈಟು ಹೋಲಿಸಿ.

ಫ್ಲಾಪಿ ಇನ್ನೂ ಓದುತ್ತದೆಯೇ ಎಂದು ನೋಡಲು ನಲ್ ಬಳಸಿ: ಕಾಪಿ /ಬಿ ಎ:*.* ನಲ್. ಎಲ್ಲ ಫೈಲುಗಳನ್ನೂ ಕೊನೆಯವರೆಗೆ ಓದಿ ಬಾವಿಗೆ ಸುರಿಯುತ್ತದೆ, ಕೆಟ್ಟ ಜಾಗ ಇದ್ದರೆ ಅಲ್ಲೇ ಮುನಿಯುತ್ತದೆ.

ಫ್ಲಾಪಿಯಲ್ಲಿ ಜಾಗ ಇದ್ದರೂ 'ತುಂಬಿದೆ' ಎಂದರೆ ತುಂಬಿರುವುದು ಮೂಲ ಪಟ್ಟಿ, ಅಂದರೆ ಯಾವ ಫೋಲ್ಡರಿನೊಳಗೂ ಇಲ್ಲದ ಫೈಲುಗಳ ಪಟ್ಟಿ. 1.44 ಎಂಬಿ ಫ್ಲಾಪಿಯ ಮೂಲ ಪಟ್ಟಿಯಲ್ಲಿ 224 ಸಾಲು, ಫ್ಯಾಟ್16 ಹಾರ್ಡ್‌ಡಿಸ್ಕಿನಲ್ಲಿ ಸಾಮಾನ್ಯವಾಗಿ 512. ವಿಂಡೋಸ್ 95ರಿಂದ ಬಂದ ಉದ್ದ ಹೆಸರು 13 ಅಕ್ಷರಕ್ಕೊಂದು ಹೆಚ್ಚುವರಿ ಸಾಲು ತಿನ್ನುತ್ತದೆ. 26 ಅಕ್ಷರದ ಹೆಸರಿಗೆ ಗಿಡ್ಡ ಹೆಸರೂ ಸೇರಿ ಮೂರು ಸಾಲು. ಹಾಗಾದರೆ ಫ್ಲಾಪಿಗೆ ಹಿಡಿಸುವುದು 74 ಫೈಲು ಮಾತ್ರ. ಒಂದು ಫೋಲ್ಡರ್ ಮಾಡಿ ಅದರೊಳಗೆ ಇಟ್ಟರೆ ಈ ಮಿತಿ ಇಲ್ಲ.

ಬರೀ ಡಾಸಿನಿಂದ ನಕಲು ಮಾಡಿದರೆ ಉದ್ದ ಹೆಸರು ಉದುರಿ ಗಂಗಾವ~1 ಎಂಬಂಥವು ಉಳಿಯುತ್ತವೆ. ಯಾವುದು ಯಾವುದೆಂದು ಆಮೇಲೆ ತಿಳಿಯದು. ಸಾಧ್ಯವಿದ್ದರೆ ವಿಂಡೋಸಿನೊಳಗಿಂದಲೇ ನಕಲು ಮಾಡಿ.

ಹಂತ 7: ಈ ಹೆಸರುಗಳಿಂದ ಕೆಲಸ ತೆಗೆಯುವುದು

ಪ್ರಿಂಟರ್ ಕೆಟ್ಟಿದೆಯೋ ತಂತ್ರಾಂಶ ಕೆಟ್ಟಿದೆಯೋ ಎಂಬ ಜಗಳ ಬಗೆಹರಿಸಲು ಕಾಪಿ ಕಾನ್ ಎಲ್‌ಪಿಟಿ1 ಎಂದು ಒತ್ತಿ, ಒಂದು ಸಾಲು ಬರೆದು, ಎಫ್6 ಒತ್ತಿ ಎಂಟರ್ ಕೊಡಿ. ಕೀಬೋರ್ಡಿನಿಂದ ನೇರ ಪ್ರಿಂಟರಿಗೆ ಹೋಯಿತು. ಕಾಗದದ ಮೇಲೆ ಸಾಲು ಬಂದರೆ ಕೇಬಲ್ಲು, ಪ್ರಿಂಟರು ಎರಡೂ ಸರಿ. ಎಫ್6 ಒತ್ತದಿದ್ದರೆ ಯಂತ್ರ ಇನ್ನಷ್ಟು ಬರೆಯುತ್ತೀರೆಂದು ಕಾಯುತ್ತಲೇ ಇರುತ್ತದೆ. ಪರದೆ ಹೆಪ್ಪುಗಟ್ಟಿತೆಂದು ತಿಳಿದು ಕರೆಂಟು ತೆಗೆಯಬೇಡಿ, ಕಂಟ್ರೋಲ್-ಸಿ ಒತ್ತಿದರೆ ಹೊರಬರುತ್ತದೆ.

ಡಾಸಿನಲ್ಲಿ ಕನ್ನಡ ಚೀಟಿ ಮುದ್ರಿಸುವ ತಂತ್ರಾಂಶಗಳು ಅಕ್ಷರವನ್ನು ಚುಕ್ಕೆಗಳ ಚಿತ್ರವಾಗಿ ಕಳಿಸುತ್ತವೆ. ಆ ಚಿತ್ರದಲ್ಲಿ 26ನೇ ಬೈಟೂ ಬರಬಹುದು. ಉಳಿಸಿಟ್ಟ ಮುದ್ರಣ ಫೈಲನ್ನು ಕಳಿಸುವಾಗ ಕಾಪಿ /ಬಿ ಚೀಟಿ.ಪಿಆರ್‌ಎನ್ ಎಲ್‌ಪಿಟಿ1 ಎನ್ನಿ, ಇಲ್ಲವಾದರೆ ಚೀಟಿ ನಡುವೆಯೇ ಕಡಿಯುತ್ತದೆ. ಇಲ್ಲಿ ಪಿಆರ್‌ಎನ್ ಚುಕ್ಕೆಯ ನಂತರ ಬಂದಿದೆ, ಆದ್ದರಿಂದ ತಕರಾರಿಲ್ಲ.

ಪ್ಯಾರಲಲ್ ಪೋರ್ಟು ಇಲ್ಲದ ಯಂತ್ರಕ್ಕೆ ಯುಎಸ್‌ಬಿ ಪ್ರಿಂಟರ್ ತಂದಾಗ, ಎಲ್‌ಪಿಟಿ1ಕ್ಕೇ ಮುದ್ರಿಸುವ ಹಳೇ ತಂತ್ರಾಂಶವನ್ನು ಹೀಗೆ ಒಪ್ಪಿಸಬಹುದು. ಪ್ರಿಂಟರನ್ನು ಚಿಕ್ಕ ಹೆಸರಿನಲ್ಲಿ ಶೇರ್ ಮಾಡಿ, ನಂತರ:

ನೆಟ್ ಯೂಸ್ ಎಲ್‌ಪಿಟಿ1: \\ಯಂತ್ರದಹೆಸರು\ಪ್ರಿಂಟರಹೆಸರು /ಪರ್ಸಿಸ್ಟೆಂಟ್:ಯೆಸ್

ಇಲ್ಲೂ ಒಂದು ಕೊಕ್ಕೆ: ಹಳೇ ತಂತ್ರಾಂಶ ಕಳಿಸುವುದು ಡಾಟ್ ಮ್ಯಾಟ್ರಿಕ್ಸಿನ ಸಂಕೇತಗಳನ್ನು. ವಿಂಡೋಸನ್ನೇ ನೆಚ್ಚಿದ ಅಗ್ಗದ ಲೇಸರ್ ಪ್ರಿಂಟರಿಗೆ ಅವು ತಿಳಿಯವು. 16 ಬಿಟ್‌ನ ಡಾಸ್ ತಂತ್ರಾಂಶ 64 ಬಿಟ್ ವಿಂಡೋಸಿನಲ್ಲಿ ಓಡುವುದೇ ಇಲ್ಲ, 32 ಬಿಟ್‌ನದೇ ಬೇಕು.

ಬ್ಯಾಚ್ ಫೈಲು, ಅಂದರೆ ಆಜ್ಞೆಗಳ ಪಟ್ಟಿ ಬರೆಯುವವರಿಗೆ ಪ್ರತಿ ಫೋಲ್ಡರಿನಲ್ಲೂ ನಲ್ ಇದೆ ಎಂಬ ಡಾಸಿನ ಭ್ರಮೆಯೇ ಉಪಕಾರಿ. ಫೋಲ್ಡರ್ ಇದ್ದರೆ ಮಾತ್ರ ಅದರೊಳಗೆ ನಲ್ ಇರುತ್ತದೆ:

ಇಫ್ ನಾಟ್ ಎಕ್ಸಿಸ್ಟ್ ಸಿ:\ಲೆಕ್ಕ\ನಲ್ ಎಂಡಿ ಸಿ:\ಲೆಕ್ಕ

ಹಂತ 8: ವೇಬ್ರಿಜ್ಜಿನ ಕಾಮ್ ಸಂಖ್ಯೆ

ಹೊಸ ಯಂತ್ರಕ್ಕೆ ಯುಎಸ್‌ಬಿ–ಸೀರಿಯಲ್ ಕೇಬಲ್ ಹಾಕಿದರೆ ವಿಂಡೋಸ್ ಅದಕ್ಕೆ ಕಾಮ್11, ಕಾಮ್14 ಎಂಬಂಥ ಸಂಖ್ಯೆ ಕೊಡುವುದುಂಟು. ಕೇಬಲ್ಲನ್ನು ಬೇರೆ ಬೇರೆ ಕಿಂಡಿಗೆ ಚುಚ್ಚಿದಾಗಲೆಲ್ಲ ಹೊಸ ಸಂಖ್ಯೆ ಹುಟ್ಟಿ ಹಳೆಯದು ಕಾಯ್ದಿರಿಸಿದಂತೆ ಉಳಿಯುತ್ತದೆ. ಮೀಸಲು ಹೆಸರು 9ಕ್ಕೆ ಮುಗಿಯಿತಲ್ಲ, ಆದ್ದರಿಂದ 10 ಮತ್ತು ಮೇಲಿನದನ್ನು \\.\ಕಾಮ್11 ಎಂದೇ ಕರೆಯಬೇಕು. ತೂಕದ ಹಳೇ ತಂತ್ರಾಂಶಕ್ಕೆ ಅದು ತಿಳಿಯದು, ಅದರ ಪಟ್ಟಿ ಹೆಚ್ಚೆಂದರೆ ಕಾಮ್4ರ ತನಕ.

ಡಿವೈಸ್ ಮ್ಯಾನೇಜರ್ ತೆರೆದು ಪೋರ್ಟ್ಸ್ ಎಂಬಲ್ಲಿ ಆ ಕೇಬಲ್ಲಿನ ಗುಣಲಕ್ಷಣಕ್ಕೆ ಹೋಗಿ. ಪೋರ್ಟ್ ಸೆಟ್ಟಿಂಗ್ಸ್, ಅದರಲ್ಲಿ ಅಡ್ವಾನ್ಸ್ಡ್, ಅಲ್ಲಿ ಕಾಮ್ ಸಂಖ್ಯೆಯ ಪಟ್ಟಿ ಸಿಗುತ್ತದೆ. ಕಾಮ್3 ಆಯ್ದುಕೊಳ್ಳಿ. 'ಬಳಕೆಯಲ್ಲಿದೆ' ಎಂದು ತೋರಿಸಿದರೂ ಅದು ಎಂದೋ ಕಿತ್ತೆಸೆದ ಕೇಬಲ್ಲಿನ ನೆನಪಿರಬಹುದು. ವ್ಯೂ ಮೆನುವಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದು ಹಚ್ಚಿ, ಮಸುಕಾಗಿ ಕಾಣುವ ಹಳೇ ಪೋರ್ಟುಗಳನ್ನು ತೆಗೆದುಹಾಕಿ. ನಿಜಕ್ಕೂ ಜೋಡಿಸಿರುವುದನ್ನು ತೆಗೆಯಬೇಡಿ, ಅದು ಮಸುಕಾಗಿ ಕಾಣುವುದಿಲ್ಲ.

ಕೊನೆಗೆ ವೇಗ ಹೊಂದಿಸಿ: ಮೋಡ್ ಕಾಮ್3:9600,ಎನ್,8,1. ಅಂದರೆ ಸೆಕೆಂಡಿಗೆ 9600 ಬಿಟ್, ಪ್ಯಾರಿಟಿ ಎಂಬ ತಾಳೆಬಿಟ್ ಇಲ್ಲ, ಒಂದು ಅಕ್ಷರಕ್ಕೆ 8 ಬಿಟ್, ನಿಲುಗಡೆಗೆ 1. ನಿಮ್ಮ ಇಂಡಿಕೇಟರಿನದು 2400 ಅಥವಾ 1200 ಇರಬಹುದು, ಪ್ಯಾರಿಟಿಯೂ ಬೇರೆ ಇರಬಹುದು. ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ತೂಕದ ಬದಲು ಪರದೆಯ ಮೇಲೆ ಚಿತ್ರವಿಚಿತ್ರ ಚಿಹ್ನೆ ಬಂದರೆ ಕೇಬಲ್ ಸರಿಯಿದೆ, ವೇಗವೋ ಪ್ಯಾರಿಟಿಯೋ ತಪ್ಪಾಗಿದೆ. ಏನೂ ಬಾರದಿದ್ದರೆ ಸಂಖ್ಯೆ ತಪ್ಪು, ಇಲ್ಲವೇ ಕೇಬಲ್ಲಿನ 2 ಮತ್ತು 3ನೇ ಕಡ್ಡಿಗಳು ಅದಲುಬದಲಾಗಿವೆ.